ಹೂವಿಗೆ ಹೇಳಿದ ಕಥೆ

ಗಿರಿನಗರದ ಆ ಮೂಲೆಯಲ್ಲಿ ಮುನಿಯಕ್ಕ ಹೂ ಕಟ್ಟಲು ಕೂತು ಎಷ್ಟು ಕಾಲವಾಯಿತೋ ಅವಳಿಗೇ ನೆನಪಿಲ್ಲ. ಬಡಾವಣೆ ಏಳುವ ಮುಂಚೆ, ಅಲ್ಲಿ ಹೊಲಗದ್ದೆ ಇದ್ದಾಗಲೇ ಹುಟ್ಟಿದವಳು. ಗಂಡ ಹೋದ ಮೇಲೆ ಮೂಲೆಮನೆ ಜಯಮ್ಮನ ಕಾಂಪೌಂಡ್ ಗೋಡೆಯ ನೆರಳೇ ಅವಳ ಅಂಗಡಿ. ಕೈಯಲ್ಲಿ ಬಾಳೆನಾರು, ಬಾಯಲ್ಲಿ ಎಲೆಅಡಿಕೆ, ಹೊಟ್ಟೆ ತುಂಬ ಕಥೆ. ಆದರೆ ದೀಪ ಹಚ್ಚುವ ಮುಂಚೆ ಒಂದು ಕಥೆಯೂ ಆಚೆ ಬರುತ್ತಿರಲಿಲ್ಲ. ಹಗಲು ಹೊತ್ತು ಕಥೆ ಹೇಳಿದರೆ, ಕೇಳಿದವರ ಸೋದರಮಾವ ದಾರಿ ತಪ್ಪುತ್ತಾನಂತೆ. ಅವಳ ಕಡೆಯವರ ನಂಬಿಕೆ ಅದು.

ಈ ಬೇಸಿಗೆ ರಜದ ಒಂದು ಮಧ್ಯಾಹ್ನ ಜಯಮ್ಮನ ಮಗಳು ಪ್ರಕೃತಿ ಕಥೆ ಹೇಳಿ ಅಂತ ಗಂಟುಬಿದ್ದಳು. ಹತ್ತನೇ ಕ್ಲಾಸಿಗೆ ಹೋಗುವ ಹುಡುಗಿ, ಬರೆಯುವ ಹುಚ್ಚು. ಗೆಳತಿಯರು ಸಮ್ಮರ್ ಕ್ಯಾಂಪಿಗೆ ಹೋದರೆ ಇವಳು ಬೀದಿಯ ಮುದುಕಿಯರ ಕಥೆ ಬರೆದುಕೊಳ್ಳಲು ಹೊರಟಿದ್ದಳು.

"ಸಂಜೆ ಬಾ ಕಂದಾ."

"ಸಂಜೆ ನಿಮಗೆ ವ್ಯಾಪಾರ ಅಜ್ಜಿ. ಹೋಗ್ಲಿ, ನನಗೆ ಹೇಳ್ಬೇಡಿ. ಹೂವಿಗೆ ಹೇಳಿ. ಹೂವಿಗೇನು ಸೋದರಮಾವ ಇದಾನಾ?"

ಮುನಿಯಕ್ಕ ನಕ್ಕುಬಿಟ್ಟಳು. ಅದೂ ಸರಿಯೇ ಅನ್ನಿಸಿತು. "ಕೇಳೇ ಕನಕಾಂಬರ," ಅಂತ ಶುರುಮಾಡಿದಳು.

ಇಲ್ಲೊಂದು ಕೆರೆಯ ಏರಿ ಇತ್ತು. ಏರಿಯ ಕೊನೆಗೆ ಹುಣಸೇಮರ. ಒಬ್ಬ ತಮ್ಮ ಅಕ್ಕನಿಗೆ ಸೀರೆ, ಬಳೆ ಹೊತ್ತು ಬರುತ್ತಿದ್ದ. ಮರದಡಿ ಕೂತಿದ್ದ ಹೆಂಗಸು ತಲೆ ಎತ್ತದೆ, "ಯಾರ ಮನೆಗೆ?" ಅಂದಳು. "ಅಕ್ಕನ ಮನೆಗೆ," ಅಂದ. ಮುಂದೆ ನಡೆದರೆ ಮತ್ತೆ ಅದೇ ಮರ, ಅದೇ ಹೆಂಗಸು, ಅದೇ ಮಾತು.

ಅಷ್ಟರಲ್ಲಿ ಜಯಮ್ಮ ಸ್ಪೀಕರ್ ಹಾಕಿದ ಫೋನ್ ಹಿಡಿದು ಗೇಟಿಗೆ ಬಂದಳು. ಅವಳ ತಮ್ಮ ವಸಿಷ್ಠ ಅರೆಕೆರೆಯಿಂದ ಊಟಕ್ಕೆ ಬರಬೇಕಿತ್ತು.

"ಅಕ್ಕಾ, ನಿಮ್ಮ ರೋಡ್ ಎಲ್ಲಿ ಹೋಯ್ತೇ?"

"ಆಡಿ ಬೆಳೆದ ರೋಡ್ ಮರೆತ್ಯೇನೋ, ಮಂಕೇ! ಮ್ಯಾಪ್ ಹಾಕ್ಕೋ."

"ಹಾಕಿದೀನಿ. ತಲುಪಿದ್ದೀರಿ ಅಂತಿದೆ. ಇಲ್ಲಿ ಮನೆಗಳೇ ಇಲ್ಲ ಕಣೇ. ಒಂದು ಹುಣಸೇಮರ ಇದೆ, ಎಷ್ಟು ಸುತ್ತಿದ್ರೂ ಅಲ್ಲಿಗೇ ಬರ್ತೀನಿ. ಯಾರೋ ಹೆಂಗಸು ಕೂತಿದಾರೆ, ಕೇಳ್ತೀನಿ ತಡಿ."

"ಮಾತಾಡ್ಬೇಡ ಅನ್ನಿ ಜಯಮ್ಮಾ!" ಮುನಿಯಕ್ಕ ಕಿರುಚಿದಳು. ಫೋನ್ ಕಟ್ಟಾಗಿತ್ತು.

ಕಥೆಯ ಆ ಹುಣಸೇಮರ ಹಿಂದೆ ನಿಜಕ್ಕೂ ಇಲ್ಲಿತ್ತು; ಅದನ್ನು ಕಡಿದ ಜಾಗದಲ್ಲಿ ಮನೆ ಎದ್ದು, ಆ ಮನೆಯನ್ನೂ ಕೆಡವಿ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಮುನಿಯಕ್ಕನ ಕೈಯಿಂದ ನಾರು ಜಾರಿತು.

"ಅಜ್ಜಿ, ಕಥೇಲಿ ಆ ತಮ್ಮ ಕೊನೆಗೆ ಮನೆ ಸೇರ್ತಾನಲ್ವಾ?"

"ಇಲ್ಲ ಕಂದಾ. ಅವಳ ಪಕ್ಕದಲ್ಲೇ ಕೂತ್ಕೊಂಡ."

"ಬೇರೆ ಥರ ಮುಗಿಸಿ!"

"ನಮ್ಮವ್ವ ಹೇಳಿದ್ದು ಇಷ್ಟೇ. ಬೇರೆ ಹೇಳೋಕೆ ನನಗೆ ನಾಲಿಗೆ ಏಳಲ್ಲ. ಬರೆಯೋಳು ನೀನಲ್ವಾ? ನೀನೇ ಬರಿ."

ಪ್ರಕೃತಿ ಗೋಡೆಗೆ ಒರಗಿ ಬರೆದಳು. ಬರೆದಂತೆಲ್ಲ ಗಟ್ಟಿಯಾಗಿ ಓದಿದಳು: ಅಕ್ಕ ದೀಪ ಹಿಡಿದು ಹೊಸ್ತಿಲು ದಾಟಿದಳು. ಏರಿಯ ಮೇಲೆ ನಿಂತು ತಮ್ಮನ ಹೆಸರು ಹಿಡಿದು ಕೂಗಿದಳು. ಅವನು ಹೆಂಗಸಿಗೆ ಉತ್ತರ ಕೊಡದೆ ದೀಪದ ಕಡೆ ನಡೆದ. ಮನೆ ಸೇರಿದ.

ಬೀದಿಯಲ್ಲಿ ಒಂದು ಕಾಗೆಯೂ ಕೂಗಲಿಲ್ಲ. ಆಮೇಲೆ ಸ್ಕೂಟರಿನ ಸದ್ದು.

ವಸಿಷ್ಠ ಹೆಲ್ಮೆಟ್ ತೆಗೆದವನೇ ಅಕ್ಕನನ್ನು ರೇಗಿಸಿದ. "ಮಟಮಟ ಮಧ್ಯಾಹ್ನ ದೀಪ ಹಿಡ್ಕೊಂಡು ಮೂಲೆಗೆ ಬಂದು ಕೂಗ್ತೀಯಲ್ಲೇ, ನೋಡಿದವರು ಏನಂದ್ಕೋತಾರೆ?"

ಜಯಮ್ಮ ಗೇಟು ದಾಟಿರಲೇ ಇಲ್ಲ. ಅವನ ಕಾಲರಿನೊಳಗೆ ಸಿಕ್ಕಿಕೊಂಡಿದ್ದ ಹುಣಸೇ ಎಲೆಗಳನ್ನು ಕೊಡವಿ, ಊಟಕ್ಕೆ ಒಳಗೆ ಕರೆದುಕೊಂಡು ಹೋದಳು.

ಪ್ರಕೃತಿ ಪುಸ್ತಕ ಮುಚ್ಚಿ ಎದ್ದಳು. ಮುನಿಯಕ್ಕ ಬಿಡಲಿಲ್ಲ.

"ಆ ಹೆಂಗಸನ್ನ ಏನು ಮಾಡಿದೆ?"

"ಅಯ್ಯೋ! ಅವಳನ್ನ ಬರೀಲೇ ಇಲ್ಲ ಅಜ್ಜಿ."

"ಹೋಗು. ಬರ್ದು ಕಳಿಸು ಅವಳನ್ನ."

ಹುಡುಗಿ ಒಳಗೆ ಕೂತು ಬರೆಯುತ್ತ, ಹೊಡೆದುಹಾಕುತ್ತ ಇದ್ದಳು. ಆ ಹೆಂಗಸಿಗೆ ಎಲ್ಲಿ ಮನೆ, ಎಲ್ಲಿಗೆ ಕಳಿಸುವುದು, ತೋಚಲೇ ಇಲ್ಲ. ಹೊತ್ತು ಇಳಿಯಿತು. ದೀಪ ಹಚ್ಚುವ ಹೊತ್ತಿಗೆ ಮುನಿಯಕ್ಕನ ಬುಟ್ಟಿಯ ಮುಂದೆ ಯಾರೋ ಬಂದು ನಿಂತರು. ಹೆಂಗಸು. ಮುನಿಯಕ್ಕ ಅಭ್ಯಾಸದ ಮೇಲೆ ಮೊಳ ಹಾಕಿದಳು.

ಬಂದವಳು ಬೆಲೆ ಕೇಳಲಿಲ್ಲ. ತಲೆಯನ್ನೂ ಎತ್ತಲಿಲ್ಲ. "ಈ ಹೂವು ಯಾರ ಮನೆಗೆ?" ಅಂದಳು.

ಮುನಿಯಕ್ಕ ತುಟಿ ಬಿಗಿಹಿಡಿದು ಕೂತಳು. ಮೊಳ ಹಾಕಿದ ಹೂವು ಹಾಗೇ ಮೊಣಕೈಯಲ್ಲಿ ನೇತಾಡುತ್ತಿತ್ತು. ಕಿಟಕಿಯೊಳಗೆ ಪ್ರಕೃತಿ ಪೆನ್ನು ಕಚ್ಚಿಕೊಂಡು, ಇನ್ನೂ ಮೊದಲ ಸಾಲು ಹುಡುಕುತ್ತಿದ್ದಳು.