ಸೊಪ್ಪು ಕೊಡದ ಹದಿನೆಂಟು ದಿನ

ಕಲಬುರ್ಗಿಯ ಸ್ಟೇಶನ್ನಿನ ಹೊರಗೆ ಟಾಂಗಾಗಳು ನಿಲ್ಲುವ ಕಡೆ ಬೆಳಿಗ್ಗೆ ಕುದುರೆ ಮೆಂತೆಯ ಸಿವುಡುಗಳು ಬಂದು ಬೀಳುತ್ತವೆ. ಕೊಯ್ದು ಗಂಟೆಯೂ ಆಗಿರದ, ಇನ್ನೂ ನೀರು ಜಿನುಗುವ ಹಸಿ ಮೇವು. ನಾನು ಕಾಲೇಜಿಗೆ ಹೋಗುವ ದಾರಿ ಅದೇ. ಹೋದ ತಿಂಗಳು ಒಂದು ಸಿವುಡು ಗಾಡಿಯಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು. ಎತ್ತಿ ಕೊಡಲು ಬಗ್ಗಿದವನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ವಾಸನೆ ನೆನಪು ತರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಇಳಿಯುವವನು. ವಾಸನೆಗೆ ಅಂಥ ಶಕ್ತಿಯೇನೂ ಇಲ್ಲ; ನಾವೇ ಮರೆಯದೆ ಇದ್ದುದನ್ನು ಮರೆತಂತೆ ನಟಿಸುತ್ತಿರುತ್ತೇವೆ. ಹತ್ತು ವರ್ಷ ನಾನು ಹಾಗೆ ನಟಿಸಿದ್ದೇನೆ.

ಅವರನ್ನು ನಾವು ಚಾಚಾ ಎನ್ನುತ್ತಿದ್ದೆವು. ಬೀದರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ದನದ ದವಾಖಾನೆಯಲ್ಲಿ ಅವರಿಗೆ ಕೆಲಸ. ಅಲ್ಲಿ ಹಿಂದಿನ ಕೋಣೆಯೊಂದರಲ್ಲಿ, ಜಾನುವಾರುಗಳ ರೋಗ ಪತ್ತೆ ಮಾಡಲು ಸೂಜಿ ಚುಚ್ಚುವುದಕ್ಕೆಂದು ಗಿನಿಯಿಲಿಗಳನ್ನು ಸಾಕುತ್ತಿದ್ದರು. ಇಲಿ ಎಂದರೆ ಇಲಿಯಲ್ಲ. ಬಾಲವಿಲ್ಲ, ಮೊಲದ ಮರಿಯಷ್ಟು ದಪ್ಪ, ಗಿಡ್ಡ ಕಾಲು. ಅವುಗಳಿಗೆ ಮೇವು ಹಾಕುವುದು, ಪೆಟ್ಟಿಗೆ ಬಳಿಯುವುದು, ಸತ್ತರೆ ಹೂಳುವುದು, ಎಲ್ಲವೂ ಚಾಚಾ ಅವರದೇ.

ನನಗೆ ಹನ್ನೊಂದು ವರ್ಷ, ತಂಗಿಗೆ ಏಳು. ನಮ್ಮ ಜಿಲ್ಲೆ ಹೈದರಾಬಾದಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಲಿದ್ದ ವರ್ಷ ಅದು. ಓಣಿಯಲ್ಲಿ ಮೈಸೂರನ್ನು ಕಂಡವರು ಒಬ್ಬರೂ ಇರಲಿಲ್ಲ, ಅದರ ಬಗ್ಗೆ ಅಭಿಪ್ರಾಯ ಇಲ್ಲದವರೂ ಒಬ್ಬರಿರಲಿಲ್ಲ. ಗಾಂಧಿ ಗಂಜ್ ಪೇಟೆಯ ಬೇಳೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನಮ್ಮಪ್ಪನನ್ನು ಚಾಚಾ ದಿನವೂ ಗೋಡೆಯ ಮೇಲಿಂದ ಕೇಳುತ್ತಿದ್ದರು: ಊರು ಮೈಸೂರಿಗೆ ಹೋಗ್ತದ, ನನ್ನ ನೌಕರಿ ಕಾಗದ ಹೈದರಾಬಾದಿನಾಗ ಕುಂತದ, ಹೇಳ್ರಿ, ನಾ ಎಲ್ಲಿಯಂವ? ಅಪ್ಪ ನಗುತ್ತಿದ್ದ. ನಾನು ಮಾತ್ರ ಎರಡೂ ಕಡೆಯ ವಾದವನ್ನು ನಾನೇ ಮಂಡಿಸಿ ತೀರ್ಪನ್ನೂ ಕೊಡುತ್ತಿದ್ದೆ. ಸಾಲೆಯ ಚರ್ಚಾಕೂಟದಲ್ಲಿ ಆಗಲೇ ಎರಡು ಬಹುಮಾನ ಬಂದಿದ್ದವು. ಚಾಚಾ ನನ್ನನ್ನು ವಕೀಲ ಸಾಬ ಎಂದೇ ಕರೆಯುತ್ತಿದ್ದರು.

ಆ ಮಳೆಗಾಲದಲ್ಲಿ ತಂಗಿಗೆ ಗಂಟಲು ನೋವು ಬಂತು, ಹೋಯಿತು. ಹೋಯಿತು ಅಂದುಕೊಂಡೆವು. ಹದಿನೈದು ದಿನಕ್ಕೆ ಜ್ವರ ತಿರುಗಿ ಬಂದು ಮೊಣಕಾಲು ಬಾತವು. ಮೊಣಕಾಲಿನ ಬಾವು ಇಳಿದರೆ ಕಾಲ ಹರಡು, ಹರಡು ಇಳಿದರೆ ಮಣಿಕಟ್ಟು. ಹೊದಿಕೆ ತಾಗಿದರೂ ಚೀರುತ್ತಿದ್ದಳು. ಓಣಿಯ ಮಕ್ಕಳನ್ನು ಆಯಿ ಒಳಗೆ ಬಿಡುತ್ತಿರಲಿಲ್ಲ. ಆಯಿ ಎಂದರೆ ಅಪ್ಪನ ತಾಯಿ, ಭಾಲ್ಕಿ ಕಡೆಯ ಸಾಯಗಾಂವದವಳು. ಅವಳ ಮಾತಿಗೆ ಮನೆಯಲ್ಲಿ ಎದುರಿಲ್ಲ. ತಂಗಿ ಇಡೀ ದಿನ ಗೋಡೆ ನೋಡುತ್ತ ಮಲಗಿರುತ್ತಿದ್ದಳು.

ಅದೇ ಹೊತ್ತಿಗೆ ದವಾಖಾನೆಯ ಸಾಮಾನುಗಳನ್ನು ಪಟ್ಟಿ ಮಾಡಿ ಎರಡು ರಾಜ್ಯಗಳಿಗೆ ಹಂಚುತ್ತಿದ್ದರು. ಕೊನೆಗೆ ಮೂರು ಗಿನಿಯಿಲಿಗಳು ಉಳಿದವು. ಅವು ಯಾವ ರಾಜ್ಯದವು ಎಂದು ಯಾವ ಪಟ್ಟಿಯಲ್ಲೂ ಇರಲಿಲ್ಲವಂತೆ. ಮೇಲಿನವರನ್ನು ಕೇಳಿಕೊಂಡು ಚಾಚಾ ಮೂರನ್ನೂ ಬುಟ್ಟಿಯಲ್ಲಿ ಹಾಕಿ ತಂದು ತಂಗಿಯ ಹಾಸಿಗೆಯ ಪಕ್ಕ ಇಟ್ಟರು. ಒಂದನ್ನು ಆರಿಸಿಕೋ ಎಂದರು. ಹಾಗೆಂದು ಸುಮ್ಮನೆ ಬಿಡಲಿಲ್ಲ. ಕಣ್ಣು ಒದ್ದೆ ಇರಬಾರದು, ಹಿಂಬದಿ ಒಣಗಿರಬೇಕು, ಮುಂದಿನ ಹಲ್ಲು ನೆಟ್ಟಗಿರಬೇಕು, ಹಿಡಿದರೆ ಒದ್ದಾಡಬೇಕು ಎಂದು ಒಂದೊಂದನ್ನೇ ಎತ್ತಿ ತೋರಿಸಿದರು. ಮುಟ್ಟಿದರೂ ಸುಮ್ಮನೆ ಕೂಡುವುದನ್ನು ಜನ ಸಾಧು ಎನ್ನುತ್ತಾರೆ, ಅದು ಸಾಧು ಅಲ್ಲ, ಜಡ್ಡಾಗಿರುತ್ತದೆ ಎಂದರು. ನಾನು ದೊಡ್ಡದಾದ ಕಪ್ಪನೆಯದರ ಪರವಾಗಿ ವಾದಿಸಿದೆ. ತಂಗಿ ಕೇಳಲಿಲ್ಲ. ಮೂರರಲ್ಲಿ ಒಂದು, ಕಂದು ಬಿಳಿ ಮಚ್ಚೆಯದು, ಸೊಪ್ಪಿನ ಸಪ್ಪಳವಾದ ಕೂಡಲೇ ಸಿಳ್ಳೆ ಹೊಡೆಯುತ್ತಿತ್ತು. ಅವಳು ಅದನ್ನೇ ಬೇಡಿದಳು. ಮಲಗಿದಲ್ಲಿಂದ ಕಾಣದಿದ್ದರೂ ಕೇಳಿಸುತ್ತದಲ್ಲ. ಅದಕ್ಕೆ ಸೀಟಿ ಎಂದು ಹೆಸರಿಟ್ಟಳು.

ಆರಿಸುವಾಗ ಆಯಿ ಗುಡಿಗೆ ಹೋಗಿದ್ದಳು; ಉಳಿದೆರಡನ್ನು ಬಿಟ್ಟು ಬರಲು ಹೋದ ಚಾಚಾ ಸೀಟಿಯ ಬುಟ್ಟಿಯೊಡನೆ ತಿರುಗಿ ಬಂದಾಗ ಬಾಗಿಲಲ್ಲೇ ತಡೆದಳು. ಕೂಸು ಮಲಗಿದ ಕೋಣೆಯಲ್ಲಿ ಇಲಿಯೇ? ಚಾಚಾ ಬುಟ್ಟಿ ಕೆಳಗಿಟ್ಟು ಮೆಲ್ಲಗೆ ಹೇಳಿದರು: "ಆಯಿ, ಮೂಕ ಜೀವ ಮನ್ಯಾಗಿದ್ರ ಮನಿ ಮ್ಯಾಲ ಬರೋ ಪೀಡಾ ಅದರ ಮ್ಯಾಲ ಹೋಗ್ತದ ಅಂತಾರ. ಕೂಸಿನ ಬ್ಯಾನಿ ಇದು ತೊಗೊಂಡು ಹೋಗ್ಲಿ."

ಆಯಿ ದಾರಿ ಬಿಟ್ಟಳು. ನಾನು ಬಿಡಲಿಲ್ಲ. ಹಾಗಾದರೆ ಎಂಟು ಎತ್ತು ಕಟ್ಟಿದ ಸಾಹುಕಾರರ ಮನೆಯಲ್ಲಿ ಯಾರೂ ಸಾಯಬಾರದಿತ್ತು, ಯಾಕೆ ಸತ್ತರು ಎಂದು ಎಲ್ಲರೆದುರೇ ಕೇಳಿದೆ. ಚಾಚಾ ನನ್ನ ತಲೆಯ ಮೇಲೊಂದು ಮೊಟಕಿದರು. "ವಕೀಲ ಸಾಬ, ಎಲ್ಲಾ ಕಡಿ ಗೆಲ್ಲಬಾರದ್ರಿ."

ಸಾಕುವುದನ್ನು ನನಗೆ ಕಲಿಸಿದರು. ಚಹಾದ ಖಾಲಿ ಪೆಟ್ಟಿಗೆ, ಕೆಳಗೆ ಒಣಹುಲ್ಲು, ದಿನಾ ಬದಲಿಸಬೇಕು. ಗಂಜಿನಿಂದ ಅಪ್ಪ ತರುವ ಕಡಲೆ ಹೊಟ್ಟು ಹಾಕಬಹುದು. ಎತ್ತುವಾಗ ಒಂದು ಕೈ ಎದೆಗೆ, ಒಂದು ಕೈ ಹಿಂಬದಿಗೆ. ಎಲ್ಲಕ್ಕಿಂತ ಮುಖ್ಯ ಹಸಿ ಸೊಪ್ಪು. ಅದು ಒಂದು ದಿನವೂ ತಪ್ಪಬಾರದು. ಆಡಿನ ಮೈಗೆ ಬೇಕಾದ್ದನ್ನು ಆಡಿನ ಮೈಯೇ ಮಾಡಿಕೊಳ್ಳುತ್ತದೆ, ಇದಕ್ಕೆ ಆ ಶಕ್ತಿ ಇಲ್ಲ. ಹಸಿ ಇಲ್ಲದಿದ್ದರೆ ಹದಿನೈದಿಪ್ಪತ್ತು ದಿನದಲ್ಲಿ ಕೀಲು ಬಾಯುತ್ತವೆ, ಒಸಡಿನಲ್ಲಿ ರಕ್ತ ಬರುತ್ತದೆ, ಮುಟ್ಟಿದರೆ ಚೀರುತ್ತದೆ, ಆಮೇಲೆ ಹೋಗುತ್ತದೆ... ಇಷ್ಟನ್ನೂ ಅವರು ನನಗೇ ಹೇಳಿದರು. ನಾನು ಚೆನ್ನಾಗಿ ಕೇಳಿಸಿಕೊಂಡೆ.

ದವಾಖಾನೆಯ ಹಿಂದೆ ಕುದುರೆ ಮೆಂತೆಯ ಮಡಿ ಇತ್ತು. ದಿನಾ ಸಾಲೆ ಬಿಟ್ಟ ಮೇಲೆ ಒಂದು ಹಿಡಿ ತರುತ್ತಿದ್ದೆ. ಅಂಗಳಕ್ಕೆ ಕಾಲಿಡುವುದರೊಳಗೆ ಸೀಟಿ ಕೂಗು ಹಾಕುತ್ತಿತ್ತು. ಒಳಗಿಂದ ತಂಗಿ ನಗುತ್ತಿದ್ದಳು. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ನಗು ಕೇಳಿಸುತ್ತಿತ್ತು.

ಆಮೇಲೆ ಡಾಕ್ಟರು ಅವಳ ಎದೆಯ ಮೇಲೆ ಬಹಳ ಹೊತ್ತು ನಳಿಗೆ ಇಟ್ಟು ಕೇಳಿದರು. ಅಪ್ಪನನ್ನು ಹೊರಗೆ ಕರೆದರು. ಕೀಲಿನ ರೋಗ ಗುಂಡಿಗೆಗೆ ಇಳಿದಿದೆ, ಅಲುಗದೆ ಮಲಗಿರಲಿ, ಅದಕ್ಕಿಂತ ಹೆಚ್ಚು ಯಾರ ಕೈಯಲ್ಲೂ ಏನೂ ಇಲ್ಲ ಎಂದರು. ಅಪ್ಪ ಒಳಗೆ ಬಂದು ಹಗಲಿನಲ್ಲೇ ಗೋಡೆಗೆ ಮುಖ ಮಾಡಿ ಮಲಗಿದ. ಹಾಗೆ ಮಲಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಮರುದಿನ ಸೊಪ್ಪು ನಿಲ್ಲಿಸಿದೆ.

ಯಾರೂ ಹೇಳಿಕೊಡಲಿಲ್ಲ. ಆಯಿಗೆ ನಂಬಿಕೆಯಿತ್ತು, ಆದರೆ ಉಪಾಯ ಗೊತ್ತಿರಲಿಲ್ಲ. ಉಪಾಯ ಗೊತ್ತಿದ್ದವನು ನಾನೊಬ್ಬನೇ. ತಂಗಿಗೂ ಕೀಲು ಬಾಯುತ್ತವೆ, ಸೊಪ್ಪಿಲ್ಲದಿದ್ದರೆ ಇದಕ್ಕೂ ಕೀಲು ಬಾಯುತ್ತವೆ. ಬೇನೆಗೆ ದಾರಿ ಸಿಗದೆ ಇದ್ದರೆ ದಾರಿ ಮಾಡಿಕೊಡಬೇಕು ಎಂದು ಹನ್ನೊಂದು ವರ್ಷದ ತಲೆ ಲೆಕ್ಕ ಹಾಕಿತು. ನಂಬಿದೆನೇ ಎಂದು ಕೇಳಬೇಡಿ. ನಂಬದೆಯೂ ಮಾಡಿದೆ. ಮುಳುಗುವವನು ಹಗ್ಗ ಗಟ್ಟಿಯಿದೆಯೇ ಎಂದು ಎಳೆದು ನೋಡಿ ಹಿಡಿಯುವುದಿಲ್ಲ.

ದಿನವೂ ಮೆಂತೆ ತರುವುದು ಮಾತ್ರ ನಿಲ್ಲಲಿಲ್ಲ. ತಂಗಿಗೆ ತೋರಿಸಿ, ಹಸಿ ಮೇವಿನಿಂದ ಹಾಸಿಗೆ ಒದ್ದೆಯಾಗುತ್ತದೆ ಎಂದು ಹೇಳಿ ಪೆಟ್ಟಿಗೆಯನ್ನು ಹಿತ್ತಲಿಗೆ ಒಯ್ಯುತ್ತಿದ್ದೆ. ಸೊಪ್ಪನ್ನು ಗೋಡೆಯಾಚೆ ಮೇಯುವ ಓಣಿಯ ಆಡುಗಳಿಗೆ ಎಸೆದು, ಪೆಟ್ಟಿಗೆಗೆ ಬರೀ ಹೊಟ್ಟು ಹಾಕುತ್ತಿದ್ದೆ. ಸೊಪ್ಪು ಗೋಡೆ ದಾಟುವವರೆಗೂ ಸೀಟಿ ಕೂಗುತ್ತಲೇ ಇರುತ್ತಿತ್ತು. ತಂಗಿ ಒಳಗಿಂದ ಕೇಳಿ, ಉಂಡಿತೇನೋ ಅನ್ನುವಳು. ಉಂಡಿತು ಅನ್ನುತ್ತಿದ್ದೆ.

ಚಾಚಾ ಊರಲ್ಲಿರಲಿಲ್ಲ. ನೌಕರಿಯ ಕಾಗದಕ್ಕೆಂದು ಹೈದರಾಬಾದಿಗೆ ಹೋದವರು ಮೂರು ವಾರ ಬರಲಿಲ್ಲ. ಅಷ್ಟರಲ್ಲಿ ಸೀಟಿ ಹಿಂಗಾಲು ಎಳೆಯತೊಡಗಿತು. ಕೀಲು ಬಾತವು. ಅದೇ ವಾರ ತಂಗಿಯ ಮೊಣಕಾಲುಗಳು ಇಳಿದವು. ಇದು ಸುಳ್ಳಲ್ಲ, ಇಳಿದವು. ಅವಳು ಕೈಯೂರಿ ಎದ್ದು ಕೂತಳು. ಆಯಿ ಪೆಟ್ಟಿಗೆಯ ಮುಂದೆ ಊದಿನಕಡ್ಡಿ ಹಚ್ಚಿದಳು. ಅವ್ವ ಆ ಜೀವಕ್ಕೆ ಕೈ ಮುಗಿದಳು. ನಾನು ಚಹಾದ ಪೆಟ್ಟಿಗೆಯ ಪಕ್ಕ ನಿಂತು ಗೆದ್ದೆ ಅಂದುಕೊಂಡೆ. ತಂಗಿಯೊಬ್ಬಳೇ, ಸೀಟಿ ಯಾಕೆ ಕೂಗುತ್ತಿಲ್ಲ ಎಂದು ಕೇಳುತ್ತಿದ್ದಳು.

ಹದಿನೆಂಟನೆಯ ದಿನ ಚಾಚಾ ಬಂದರು. ಆಯಿ ಅವರನ್ನು ದೇವರನ್ನು ಕರೆದಂತೆ ಕರೆದು ಪೆಟ್ಟಿಗೆ ತೋರಿಸಿದಳು. ಅವರು ಅದನ್ನು ಎರಡು ಕೈಯಲ್ಲಿ ಎತ್ತಿ, ಹೆಬ್ಬೆರಳಿನಿಂದ ತುಟಿ ಸರಿಸಿ ಒಸಡು ನೋಡಿದರು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

"ಎಷ್ಟು ದಿನ ಆಯ್ತು ಹಸಿ ಬಂದ್ ಮಾಡಿ?"

ಹದಿನೆಂಟು ಎಂದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಆಗ ನಾನೇ ಶುರುಮಾಡಿದೆ. ಅವಳ ಬಾವು ಇಳಿದಿದೆ, ಇದರದು ಏರಿದೆ, ಇದಕ್ಕೇನು ಹೇಳುತ್ತೀರಿ? ಇನ್ನೊಂದು ವಾರ ಬಿಡಿ. ಇದು ಹೋಗಲಿ, ಅವಳಿರಲಿ. ಆಮೇಲೆ ಎಷ್ಟೋ ವೇದಿಕೆಗಳ ಮೇಲೆ ಮಾತಾಡಿದ್ದೇನೆ. ಅಷ್ಟು ಪ್ರಾಣ ಹಚ್ಚಿ ಯಾವುದರಲ್ಲೂ ಮಾತಾಡಿಲ್ಲ.

ಚಾಚಾ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. "ಆ ಮಾತು ನಿಮ್ಮ ಆಯಿ ಇದನ್ನ ಒಳಗ ಬಿಡ್ಲಿ ಅಂತ ಹೇಳಿದ್ದು, ಬೇಟಾ. ಅದು ಖರೇ ಅಲ್ಲ."

"ನಿಮಗ ಹ್ಯಾಂಗ ಗೊತ್ತು?"

ಅವರು ಕೈಯಲ್ಲಿದ್ದ ಜೀವವನ್ನು ನೋಡುತ್ತ ಹೇಳಿದರು: "ನನ್ನ ಕೈಯಾಗ ಇಂಥವು ಎಷ್ಟು ಸತ್ತಾವಂತ ನನಗೇ ಗೊತ್ತಿಲ್ಲ. ಪೀಡಾ ತೊಗೊಂಡು ಹೋಗೋ ಹಂಗಿದ್ರ, ನನ್ನ ಮನ್ಯಾಗಿನ ಎರಡು ಕೂಸು ಯಾಕ ಹೋಗ್ತಿದ್ವು?"

ಅವರಿಗೆ ಮಕ್ಕಳಿದ್ದರೆಂದೇ ನನಗೆ ಗೊತ್ತಿರಲಿಲ್ಲ. ಅದು ನಮ್ಮ ಓಣಿಗೆ ಬರುವ ಮೊದಲಿನ ಮಾತು. ಹಾಗಾದರೆ ನಾನಿನ್ನು ಏನು ಮಾಡಲಿ ಎಂದು ಕೇಳಿದೆ. ಅಳುತ್ತಿದ್ದೆನೋ ಏನೋ... ಅವರು ಸೀಟಿಯನ್ನು ಮಡಿಲಿಗೆ ಹಾಕಿಕೊಂಡು, "ಕೊತ್ತಂಬ್ರಿ ತಾ, ಹೋಗು" ಎಂದರು.

ಮನೆಯವರಿಗೆ ಅವರು ನನ್ನ ಹೆಸರು ಹೇಳಲಿಲ್ಲ. ಇದಕ್ಕೆ ಜಡ್ಡಾಗಿದೆ, ನಾನು ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿ ಪೆಟ್ಟಿಗೆಯನ್ನು ತಮ್ಮ ಮನೆಗೆ ಒಯ್ದರು. ಕೊತ್ತಂಬರಿ ಅರೆದು ಹಿಂಡಿ, ನಿಂಬೆಹಣ್ಣಿನ ಹನಿ ಸೇರಿಸಿ, ಬಟ್ಟೆಯ ತುದಿಯಿಂದ ಅದರ ಬಾಯಿಗೆ ಬಿಟ್ಟರು. ಐದಾರು ದಿನಕ್ಕೆ ಅದು ಕಾಲೂರಿತು. ಗೋಡೆಯಾಚೆಯಿಂದ ಮತ್ತೆ ಸಿಳ್ಳೆ ಕೇಳಿಸಿತು. ತಂಗಿ ಕಣ್ಣರಳಿಸಿದಳು. ಆದರೆ ಆ ಹೊತ್ತಿಗೆ ಅವಳಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ದಿಂಬುಗಳಿಗೆ ಒರಗಿಸಿ ಕೂರಿಸಿದ್ದೆವು. ತುಟಿಗಳು ನೀಲಿಗಟ್ಟಿದ್ದವು.

ಹೊಸ ರಾಜ್ಯದ ದಿನ ಸಾಲೆಯಲ್ಲಿ ಪೆಪ್ಪರಮೆಂಟು ಹಂಚಿದರು. ನನ್ನ ಪಾಲಿನದನ್ನು ಅವಳಿಗೆ ಕೊಟ್ಟೆ. ಬಾಯಲ್ಲಿಟ್ಟುಕೊಳ್ಳಲು ಆಗಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಹೋದಳು.

ಮೂರು ದಿನ ಕಳೆದ ಮೇಲೆ ಚಾಚಾ ಮಾತಾಡಿಸಲು ಬಂದರು. ಆಯಿ ಹೊಸ್ತಿಲಲ್ಲಿ ನಿಂತು ಹೇಳಿದಳು: "ಅದರ ಮೈಯಾಗ ಹೋಗಿದ್ದ ಬ್ಯಾನಿ ತಿರುಗಿ ನನ್ನ ಮೊಮ್ಮಗಳಿಗಿ ಕೊಟ್ಟಿ. ಇಲಿ ಉಳಿಸಿದಿ, ಕೂಸು ಕೊಂದಿ."

ಚಾಚಾ ತಲೆ ತಗ್ಗಿಸಿ ನಿಂತಿದ್ದರು. ಒಮ್ಮೆ ನನ್ನ ಕಡೆ ನೋಡಿದರು. ಹೇಳು ಎಂದಲ್ಲ, ಹೇಳಬೇಡ ಎಂದೂ ಅಲ್ಲ. ಎಂಟು ಎತ್ತಿನ ಸಾಹುಕಾರರ ಉದಾಹರಣೆ ಬಲ್ಲ ನಾನು ಕಂಬ ಹಿಡಿದು ನಿಂತಿದ್ದೆ. ಬಾಯಿ ತೆರೆದಿದ್ದರೆ ಎರಡೇ ವಾಕ್ಯ ಸಾಕಿತ್ತು. ತೆರೆಯಲಿಲ್ಲ.

ತಿಂಗಳೊಳಗೆ ಅವರ ಮನೆ ಖಾಲಿಯಾಯಿತು. ಹೈದರಾಬಾದಿನ ಕಡೆಯವರೆಂದು ಅವರನ್ನು ಬರೆದುಕೊಂಡರಂತೆ. ಟಾಂಗಾದಲ್ಲಿ ಟ್ರಂಕುಗಳ ಮೇಲೆ ಚಹಾದ ಪೆಟ್ಟಿಗೆ ಇತ್ತು. ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ನಾನು ಕಿಟಕಿಯಿಂದ ನೋಡಿದೆ...

ಕಾಲೇಜಿನ ಪರವಾಗಿ ಮೂಢನಂಬಿಕೆಯ ವಿರುದ್ಧ ಮಾತಾಡಿ ನಾನು ಬಹುಮಾನದ ಕಪ್ಪು ತಂದಿದ್ದೇನೆ. ಎದುರಾಳಿಗಳಿಗೆ ಸಾಕ್ಷ್ಯ ಎಲ್ಲಿ ಎಂದು ಕೇಳುತ್ತೇನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆ ಹದಿನೆಂಟು ದಿನಗಳಲ್ಲಿ ನಾನು ಕಂಡ ಅತಿ ಗಟ್ಟಿ ಸಾಕ್ಷ್ಯವನ್ನು ಮಾತ್ರ ಒಂದು ಸಭೆಯಲ್ಲೂ ಮುಂದಿಟ್ಟಿಲ್ಲ.

ಹೋದ ತಿಂಗಳು, ಆ ಮೆಂತೆಯ ಸಿವುಡು ಕಾಲ ಮೇಲೆ ಬಿದ್ದ ವಾರವೇ, ರಜೆಗೆ ಊರಿಗೆ ಹೊರಟೆ. ಔರಾದಿನಲ್ಲಿ ಚಾಚಾ ಅವರ ಅಕ್ಕನ ಮಗನ ಸೈಕಲ್ ಅಂಗಡಿ ಇದೆ ಎಂದು ಕೇಳಿದ್ದೆ. ಹುಡುಕಿಕೊಂಡು ಹೋದೆ. ಚಾಚಾ ತೀರಿಕೊಂಡು ಎರಡು ವರ್ಷವಾಯಿತು ಎಂದ. ಸೀಟಿಯನ್ನು ಕೊನೆತನಕ ಸಾಕಿದರಂತೆ. ಯಾರದು ಎಂದು ಕೇಳಿದರೆ ಬೀದರಿನ ಮಗುವೊಂದರ ಅಮಾನತು, ಕಾಪಾಡಲೆಂದು ಒಪ್ಪಿಸಿ ಹೋಗಿದ್ದಾಳೆ ಅನ್ನುತ್ತಿದ್ದರಂತೆ.

ಅಲ್ಲಿಂದ ನೇರ ಭಾಲ್ಕಿಗೆ ಹೋದೆ. ಅಪ್ಪ, ಅವ್ವ ಈಗ ಅಲ್ಲಿರುತ್ತಾರೆ, ಆಯಿ ತೀರಿಕೊಂಡಿದ್ದಾಳೆ. ಚಾಚಾನ ಮೇಲಿನ ಸಿಟ್ಟನ್ನು ಅವ್ವ ಆಯಿಯಿಂದ ಪಡೆದು ಹಾಗೇ ಕಾಪಾಡಿಕೊಂಡಿದ್ದಳು. ಅವಳ ಎದುರು ಕೂತು ಎಲ್ಲ ಹೇಳಿದೆ. ಸೊಪ್ಪು ನಿಲ್ಲಿಸಿದ್ದು ನಾನು, ಅದಕ್ಕೆ ಬಾವು ಬಂದದ್ದು ನನ್ನಿಂದ, ಚಾಚಾ ಉಳಿಸಿದ್ದು ನಾನು ಕೊಲ್ಲುತ್ತಿದ್ದ ಜೀವವನ್ನು. ಒಂದರ ಬೇನೆ ಒಂದಕ್ಕೆ ಹೋಗಲಿಲ್ಲ, ಬರಲಿಲ್ಲ. ಅವರ ಎರಡು ಕೂಸುಗಳ ಮಾತನ್ನು ಕೊನೆಗೆ ಹೇಳೋಣ ಎಂದು ಇಟ್ಟುಕೊಂಡಿದ್ದೆ. ಗಟ್ಟಿ ಅಂಶವನ್ನು ಕೊನೆಗೆ ಇಡಬೇಕು ಎಂದು ನಮಗೆ ಕಲಿಸಿರುತ್ತಾರೆ.

ಅದಕ್ಕೆ ಮೊದಲೇ ಅವ್ವ ಕೇಳಿದಳು:

"ಡಾಕ್ಟರ್ ಬರೋಕ್ಕಿಂತ ಮೊದಲೇ ಸೊಪ್ಪು ಯಾಕ ಬಂದ್ ಮಾಡಲಿಲ್ಲೋ, ನನ್ನಪ್ಪಾ?"

ಉತ್ತರ ನಾಲಿಗೆಯ ಮೇಲಿತ್ತು. ಎರಡು ಕೂಸುಗಳು. ಅದನ್ನು ಹೇಳಿದರೆ, ಆ ಜೀವ ಹೋಗಿದ್ದರೆ ಮಗಳು ಉಳಿಯುತ್ತಿದ್ದಳು ಎಂದು ಹತ್ತು ವರ್ಷದಿಂದ ಅವ್ವ ಹಿಡಿದುಕೊಂಡಿದ್ದ ಒಂದೇ ಒಂದು 'ಹಾಗಾಗಿದ್ದರೆ' ಕೂಡ ಅವಳ ಕೈಯಿಂದ ಹೋಗುತ್ತಿತ್ತು. ನಾನು ಅದನ್ನು ನುಂಗಿದೆ.

"ತಡ ಆಯ್ತವ್ವಾ," ಅಂದೆ.

ಅಂದಿನಿಂದ ಅವ್ವ ಚಾಚಾನನ್ನು ಶಪಿಸುವುದನ್ನು ಬಿಟ್ಟಿದ್ದಾಳೆ. ಸಿಟ್ಟು ಈಗ ನನ್ನ ಮೇಲೆ ಬಂದಿದೆ. ಅಷ್ಟು ಮಾತ್ರ ಸರಿಯಾದ ಜಾಗಕ್ಕೆ ಬಂದಿದೆ. ಆ ಮನುಷ್ಯನಿಗೆ ನನ್ನಿಂದ ಸಿಕ್ಕ ನ್ಯಾಯ ಇಷ್ಟೇ, ಅದೂ ಅವರು ಹೋದ ಮೇಲೆ, ಅದೂ ಒಂದು ಸುಳ್ಳನ್ನು ಒಪ್ಪಿಕೊಂಡು.