ಗೇರ್‌ಬಾಕ್ಸ್ ಯಾರ ಕೈಗೆ ಕೊಡುವುದು

ಕೇಳಿ ಸ್ನೇಹಿತರೇ, ಕಾರಿನ ಗೇರ್ ಸರಿಯಾಗಿ ಬೀಳುತ್ತಿರಲಿಲ್ಲ. ಇವತ್ತು ಸೊಸೆಯನ್ನು ಕೂರಿಸಿಕೊಂಡು ನಾನೇ ಚಳ್ಳಕೆರೆಗೆ ಓಡಿಸಿಕೊಂಡು ಹೋದೆ.

ಮೊದಲ ಗ್ಯಾರೇಜಿನವನು ಬಾನೆಟ್ ಕೂಡ ಎತ್ತದೆ, "ಗೇರ್‌ಬಾಕ್ಸ್ ಪೂರ್ತಿ ಹೋಗೈತೆ ಅಮ್ಮಾ, ಹೊಸದೇ ಹಾಕ್ಬೇಕು" ಎಂದ.

"ಶೇಂಗಾ ಒಡೆದು ನೋಡ್ದೆ ಜೊಳ್ಳು ಅನ್ನೋರ ಹತ್ರ ನಾನು ವ್ಯಾಪಾರ ಮಾಡಲ್ಲಪ್ಪ" ಎಂದು ಹೊರಟೆ.

ಎರಡನೇ ಗ್ಯಾರೇಜಿನವನು ನನ್ನ ಕೈಯಲ್ಲೇ ಓಡಿಸಿ, ಪಕ್ಕದಲ್ಲಿ ಕುಳಿತು ಒಂದು ಸುತ್ತು ನೋಡಿದ.

"ಗೇರ್‌ಬಾಕ್ಸ್ ಚೆನ್ನಾಗೈತೆ ಅಮ್ಮಾ. ಕ್ಲಚ್ ಪ್ಲೇಟ್ ಸವೆದೈತೆ, ಅಷ್ಟೆ. ನೀವು ಕ್ಲಚ್ ಮ್ಯಾಲಿಂದ ಕಾಲೇ ತೆಗೆಯಲ್ಲ. ತಪ್ಪು ನಿಮ್ದೇ ರೀ."

ಹಿಂದೆ ಕುಳಿತಿದ್ದ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕೀಲಿ ಅವನ ಕೈಗೇ ಕೊಟ್ಟು ಬಸ್ಸಿನಲ್ಲಿ ಬಂದೆ. ನನ್ನ ತಪ್ಪನ್ನು ನನ್ನೆದುರೇ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಷ್ಟು ಧೈರ್ಯ ಇದ್ದವನು ಗೇರ್‌ಬಾಕ್ಸ್ ವಿಷಯದಲ್ಲಿ ಸುಳ್ಳು ಹೇಳಲಾರ.