ಹತ್ತನೇ ನಂಬರಿನ ಉದ್ದಕ್ಕ

ಅವಳನ್ನು ಮಾಲಿನ ಹಾಗೆ ತೂಗಿ ನೋಡಿದರೆ ಹೀಗೆ: ಎತ್ತರ, ಬಾಗಿಲಿಗೆ ತಲೆ ತಗಲುವಷ್ಟು. ದನಿ, ಬೀದಿಯ ಆ ತುದಿಗೂ ಕೇಳುವಷ್ಟು. ಮಾತು, ಬೇಕಾದ್ದಕ್ಕಿಂತ ಎರಡು ಹಿಡಿ ಜಾಸ್ತಿ. ತಾಳ್ಮೆ, ಸ್ಟಾಕ್ ಇಲ್ಲ. ಪಾದ, ಹತ್ತನೇ ನಂಬರು. ನಾನು ಚಪ್ಪಲಿ ಅಂಗಡಿಯವನು, ಮನುಷ್ಯರನ್ನು ಕೆಳಗಿನಿಂದ ಮೇಲಕ್ಕೆ ನೋಡುವುದು ನನ್ನ ಕಸುಬಿನ ಚಾಳಿ.

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಉದ್ದಕ್ಕ ಅನ್ನುತ್ತೇವೆ. ಹುಟ್ಟಿದಾಗ ಮನೆಯವರು ಗಂಡು ಮಗು ಅಂದಿದ್ದರು. ತಾನು ಹೆಣ್ಣು ಅನ್ನುವುದು ಅವಳಿಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಮಿಕ್ಕವರ ತಲೆಗೆ ಅದನ್ನು ತುಂಬುವಷ್ಟರಲ್ಲಿ ಮೂವತ್ತು ದಾಟಿತು.

ಮೊದಲು ಬಂದದ್ದು ಗಿರಾಕಿಯಾಗಿ.

“ಹೆಂಗಸರದ್ದು, ಹತ್ತನೇ ನಂಬರ್ ಕೊಡಿ.”

“ಹೆಂಗಸರಿಗೆ ಎಂಟರ ಮೇಲೆ ಬರಲ್ಲಮ್ಮ.”

“ಹಾಗಾದ್ರೆ ಈ ಕಾಲು ಯಾರದು ಅಣ್ಣ? ಪಕ್ಕದ ಮನೆಯಿಂದ ಕಡ ತಂದಿದ್ದಾ?”

ನಾನು ನಕ್ಕಿದ್ದೇ ಎಡವಟ್ಟಾಯಿತು. ಅವಳು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ಅಣ್ಣನಿಗೆ, ತಮ್ಮನಿಗೆ ಅಂತ ಸುಳ್ಳು ಹೇಳಿ ಗಂಡಸರ ಚಪ್ಪಲಿ ಕೊಂಡುಹೋಗುವ ಹೆಂಗಸರು ಎಷ್ಟೋ ಜನ ಇದ್ದಾರಂತೆ. “ನೀವು ಮಾಡಿಸಿ, ನಾನು ಮಾರ್ತೀನಿ” ಅಂದಳು. ಮಾಡಿಸಿದೆ. ಅವಳನ್ನೇ ಹೆಂಗಸರ ವಿಭಾಗಕ್ಕೆ ನಿಲ್ಲಿಸಿದೆ. ದೊಡ್ಡ ನಂಬರುಗಳನ್ನು ಅವಳು ಮೂಲೆಗೆ ಸೇರಿಸಲಿಲ್ಲ, ಬಾಗಿಲಿನೆದುರೇ ಜೋಡಿಸಿದಳು. ಬಸ್ ಕಂಡಕ್ಟರಮ್ಮ ಬಂದಳು, ವಾಲಿಬಾಲ್ ಕಲಿಸುವ ಟೀಚರ್ ಬಂದರು.

ಒಂದು ಮಧ್ಯಾಹ್ನ ನಮ್ಮ ಹಳೇ ಗಿರಾಕಿಯೊಬ್ಬರು ಉದ್ದಕ್ಕ ಚಪ್ಪಲಿ ತೊಡಿಸಲು ಬಗ್ಗಿದ್ದೇ ತಡ ಕಾಲು ಹಿಂದಕ್ಕೆಳೆದುಕೊಂಡರು. “ಇಂಥವರು ನನ್ನ ಕಾಲು ಮುಟ್ಟೋದು ಬೇಡ. ಬೇರೆಯವರನ್ನ ಕರೀರಿ.”

“ಅಮ್ಮ, ನಮ್ಮಲ್ಲಿ ಚಪ್ಪಲಿ ಬದಲಾಯಿಸಿ ಕೊಡ್ತೀವಿ, ಕೆಲಸದವರನ್ನಲ್ಲ” ಅಂದೆ. ಅವರು ದಡಬಡ ಎದ್ದು ಹೋದರು.

ಸುದ್ದಿ ನನ್ನ ಅಕ್ಕನಿಗೆ ಮುಟ್ಟಿತು. ಅಂಗಡಿಯಲ್ಲಿ ಅವಳದ್ದು ಅರ್ಧ ಪಾಲು, ಬೈಗುಳದಲ್ಲಿ ಪೂರ್ತಿ. “ಅವಳನ್ನ ಗೋಡೌನಿಗೆ ಹಾಕೋ. ಸಂಬಳ ಈಗಿನಷ್ಟೇ ಕೊಡು, ಜನರ ಕಣ್ಣಿಗೆ ಬೀಳೋದು ಬೇಡ.”

ಉದ್ದಕ್ಕ ಕೇಳಿಸಿಕೊಂಡಳು. “ಅಮ್ಮಾವ್ರೇ, ಹಿಂದಿನ ಕೆಲಸದಲ್ಲೂ ಹಿಂಬಾಗಿಲಿಂದ ಬಾ ಅಂತಿದ್ರು. ಬಿಟ್ಟುಬಂದೆ. ಗೋಡೌನ್ ಅಂದ್ರೆ ಇದನ್ನೂ ಬಿಡ್ತೀನಿ.” ಆಮೇಲೆ ನನ್ನ ಕಡೆ ತಿರುಗಿದಳು. “ಅಣ್ಣ, ನಾಳೆ ಹತ್ತನೇ ನಂಬರ್ ಮಾರಾಟ ನಿಂತುಹೋದ್ರೆ ನನಗಿಲ್ಲಿ ಏನು ಜಾಗ?”

ಯೋಚಿಸಿ ಹೇಳಿದೆ: “ಆರನೇ ನಂಬರ್ ಮಾರು. ಎಲ್ಲರ ಹಾಗೆ ಅಕ್ಕನ ಹತ್ರ ಬೈಸ್ಕೊಂಡು ಇಲ್ಲೇ ಇರು.”

ಅಕ್ಕ ಸುಮ್ಮನಿರುವವರ ಪೈಕಿಯಲ್ಲ. ಹುಳುಕು ಹುಡುಕಿಯೇ ತೀರುತ್ತೇನೆಂದು ಗಲ್ಲಾದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ದಿನಾ ಕೂತಳು. ಕಂಡಕ್ಟರಮ್ಮ ಹೊಸ ಚಪ್ಪಲಿ ಮೆಟ್ಟಿ ಕನ್ನಡಿ ಮುಂದೆ ಮದುವಣಗಿತ್ತಿಯ ಹಾಗೆ ಓಡಾಡಿದ್ದನ್ನು ನೋಡಿದಳು. ಹಟ ಮಾಡುವ ಮಗುವಿಗೆ ಉದ್ದಕ್ಕ ಶೂ ತೊಡಿಸಿದ್ದನ್ನೂ ನೋಡಿದಳು. ಕಡೆಗೊಂದು ಸಂಜೆ ಅಕ್ಕನ ಗಂಟಲು ಏರಿತು:

“ಏ ಉದ್ದೀ! ತೆಗೆದ ಡಬ್ಬಿಗಳನ್ನ ವಾಪಸ್ ಇಡೋರು ಯಾರು, ನಿಮ್ಮ ತಾತನಾ? ಹೊತ್ತಿಗೊಂದು ಟೀ ಬೇರೆ! ಬಾಯಿಗೊಂದು ಬಾಗಿಲಿಲ್ಲ!”

ಉದ್ದಕ್ಕನ ಮುಖ ಊರಗಲ ಆಯಿತು. “ಅಣ್ಣ, ಬೈದ್ರು!”

“ಹಾಗಾದ್ರೆ ಗೋಡೌನಿಗೆ ಕಳಿಸಲಾ?” ಅಂತ ನಾನು ಅಕ್ಕನನ್ನು ಕೆಣಕಿದೆ.

“ಇಷ್ಟಕ್ಕೆಲ್ಲ ಗೋಡೌನ್ ಅಂದ್ರೆ ನಿನ್ನ ಭಾವನನ್ನ ಎಂದೋ ಕಳಿಸಬೇಕಿತ್ತು. ಸುಮ್ನಿರೋ. ಇಲ್ಲೇ ಇರ್ತಾಳೆ.”

ಎದ್ದು ಹೋದ ಗಿರಾಕಿ ಮತ್ತೆ ಬರಲಿಲ್ಲ. ಡಬ್ಬಿಗಳೂ ಇನ್ನೂ ಜಾಗಕ್ಕೆ ಹೋಗುವುದಿಲ್ಲ, ಅಕ್ಕನ ಗಂಟಲಿಗೆ ಬಿಡುವಿಲ್ಲ. ಆದರೆ ಈಗ ನಮ್ಮ ಅಂಗಡಿಗೆ ಬರುವ ಯಾವ ಹೆಂಗಸೂ ತನ್ನ ಪಾದದ ಅಳತೆಯನ್ನು ಪಿಸುಗುಟ್ಟಿ ಹೇಳುವುದಿಲ್ಲ. ಅದಕ್ಕಾಗಿ ನಾನು ಉದ್ದಕ್ಕನಿಗೆ ಋಣಿ.